ಚಹಾ ಅಗ್ಗವಾಯಿತು, ಸಮುದ್ರಕ್ಕೆ ಸುರಿದರು

1773ರ ಡಿಸೆಂಬರ್ 16ರ ರಾತ್ರಿ, ಅಮೆರಿಕ ಇನ್ನೂ ಬ್ರಿಟಿಷರ ವಸಾಹತಾಗಿದ್ದಾಗ, ಅಲ್ಲಿನ ಬಾಸ್ಟನ್ನಿನ ಗ್ರಿಫಿನ್ ಧಕ್ಕೆಗೆ ಬಿಗಿದಿದ್ದ ಮೂರು ಹಡಗುಗಳನ್ನು ಹತ್ತಿದ ಜನ 342 ಪೆಟ್ಟಿಗೆ ಚಹಾವನ್ನು ಕೊಡಲಿಯಿಂದ ಒಡೆದು ನೀರಿಗೆ ಸುರಿದರು. ಇಳಿತದ ಹೊತ್ತು. ಹಡಗಿನ ಮಗ್ಗುಲಲ್ಲಿ ನೀರು ಎರಡು ಮೂರು ಅಡಿಯಷ್ಟೇ ಇತ್ತು. ಹಾಗಾಗಿ ಸುರಿದ ಎಲೆ ಮುಳುಗದೆ ಹುಲ್ಲಿನ ಬಣವೆಯಂತೆ ಏರುತ್ತಾ ಹೋಯಿತು, ಹುಡುಗರು ಅದನ್ನು ಕಾಲಿನಿಂದ ದೂಡಬೇಕಾಯಿತು. ಕೋಟಿನ ಅಸ್ತರಿನೊಳಗೆ ಒಂದಿಷ್ಟು ಚಹಾ ತುಂಬಿಕೊಳ್ಳುತ್ತಿದ್ದವನೊಬ್ಬ ಸಿಕ್ಕಿಬಿದ್ದು ಒದೆ ತಿಂದ. ಗಲಾಟೆಯಲ್ಲಿ ಒಂದು ಬೀಗ ಮುರಿದಿತ್ತು. ಅದು ಹಡಗಿನ ಕ್ಯಾಪ್ಟನ್ನನ ಸ್ವಂತದ್ದು ಎಂದು ಗೊತ್ತಾದ ಮೇಲೆ ಬೇರೆ ಬೀಗ ಕಳಿಸಿಕೊಟ್ಟರು. ಚಹಾ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ.

ಶಾಲೆಯಲ್ಲಿ ನಾವು ಇದಕ್ಕೆ ಬರೆಯುತ್ತಿದ್ದ ಉತ್ತರ ಒಂದೇ ಸಾಲಿನದು: ಬ್ರಿಟಿಷರು ಚಹಾದ ಮೇಲೆ ಭಾರಿ ತೆರಿಗೆ ಹಾಕಿದರು, ಜನ ಸಿಟ್ಟಿಗೆದ್ದರು. ಎರಡು ಅಂಕ ಸಿಗುತ್ತಿತ್ತು. ಆದರೆ ಉತ್ತರ ತಪ್ಪು. ಆ ವರ್ಷ ಚಹಾದ ಮೇಲೆ ಹೊಸ ತೆರಿಗೆ ಬಂದಿರಲಿಲ್ಲ. ಹಳೆಯದೇ ಇತ್ತು, ಒಂದು ಪೌಂಡು ತೂಕಕ್ಕೆ ಮೂರು ಪೆನ್ನಿ. ಇನ್ನೂ ಹೇಳಬೇಕೆಂದರೆ, 1773ರ ಕಾಯ್ದೆಯಿಂದ ಅಮೆರಿಕದಲ್ಲಿ ಚಹಾದ ಬೆಲೆ ಇಳಿಯುವುದಿತ್ತು. ಪೌಂಡಿಗೆ ಮೂರು ಶಿಲ್ಲಿಂಗಿನ (ಹನ್ನೆರಡು ಪೆನ್ನಿಗೆ ಒಂದು ಶಿಲ್ಲಿಂಗು) ಆಸುಪಾಸಿನಲ್ಲಿದ್ದದ್ದು ಎರಡಕ್ಕೆ ಬರುವ ಅಂದಾಜಿತ್ತು. ಅಗ್ಗದ ಚಹಾ ತಂದುಕೊಟ್ಟರೆ ಯಾರಾದರೂ ಸಮುದ್ರಕ್ಕೆ ಸುರಿಯುತ್ತಾರೆಯೇ?

ಸುರಿದದ್ದೇಕೆ ಎಂದು ತಿಳಿಯಬೇಕಾದರೆ ತೆರಿಗೆಯ ದರವನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಆಗ ಬ್ರಿಟನ್ನಿನಲ್ಲಿದ್ದವನು ತಲೆಗೆ ವರ್ಷಕ್ಕೆ ಸುಮಾರು 26 ಶಿಲ್ಲಿಂಗ್ ತೆರಿಗೆ ಕಟ್ಟುತ್ತಿದ್ದರೆ, ಬಾಸ್ಟನ್ ಸೇರಿದ್ದ ಮೆಸಾಚುಸೆಟ್ಸ್ ವಸಾಹತಿನವನು ಕಟ್ಟುತ್ತಿದ್ದದ್ದು ಒಂದು ಶಿಲ್ಲಿಂಗಿನ ಆಜುಬಾಜು ಎಂಬ ಲೆಕ್ಕವಿದೆ. ಇಷ್ಟು ಹಗುರ ತೆರಿಗೆಯ ಜನ ದಂಗೆ ಎದ್ದರೆಂದರೆ ಅವರ ತಕರಾರು ಬೇರೆಯೇ ಇರಬೇಕು. ನನಗೆ ಕಾಣುವಂತೆ ಇಡೀ ಕಥೆಯ ಕೀಲಿ ಒಂದು ಸಣ್ಣ ಪ್ರಶ್ನೆಯಲ್ಲಿದೆ: ಗವರ್ನರನ ಸಂಬಳ ಕೊಡುವವರು ಯಾರು?

ಗಂಟು ಯಾರ ಕೈಯಲ್ಲಿ

ಅಟ್ಲಾಂಟಿಕ್ ತೀರದಲ್ಲಿದ್ದ ಹದಿಮೂರು ವಸಾಹತುಗಳ ಪೈಕಿ ಹೆಚ್ಚಿನವುಗಳಿಗೆ ಗವರ್ನರನನ್ನು ಲಂಡನ್ನಿನಿಂದ ದೊರೆ ನೇಮಿಸುತ್ತಿದ್ದ. ಆದರೆ ಹಲವು ಕಡೆ ಅವನ ಸಂಬಳವನ್ನು ಅಲ್ಲಿನ ಶಾಸನಸಭೆ ವರ್ಷವರ್ಷವೂ ಮಂಜೂರು ಮಾಡಬೇಕಿತ್ತು. ಗವರ್ನರ್ ಮೊಂಡು ಹಿಡಿದರೆ ಸಭೆ ಸಂಬಳದ ಮಸೂದೆಯನ್ನು ಮುಂದಕ್ಕೆ ಹಾಕುತ್ತಿತ್ತು. ತಿಂಗಳುಗಟ್ಟಲೆ ಕೈ ಖಾಲಿ ಕೂತ ಗವರ್ನರ್ ಮೆಲ್ಲಗೆ ದಾರಿಗೆ ಬರುತ್ತಿದ್ದ. ಸಾಮ್ರಾಜ್ಯದ ಕಾಗದದಲ್ಲಿ ದೊರೆಯೇ ಸರ್ವಾಧಿಕಾರಿ. ನೆಲದ ಮೇಲೆ ಮಾತ್ರ ಹಣದ ಗಂಟು ಊರಿನವರ ಕೈಯಲ್ಲಿತ್ತು. ನೂರು ವರ್ಷ ಹೀಗೇ ನಡೆದು, ಅದೇ ತಮ್ಮ ಹಕ್ಕು ಎಂಬ ಭಾವನೆ ಅಲ್ಲಿನವರಲ್ಲಿ ಗಟ್ಟಿಯಾಗಿತ್ತು. ಲಂಡನ್ನಿಗೂ ಅದನ್ನು ಕೆದಕುವ ಪುರುಸೊತ್ತು ಇರಲಿಲ್ಲ.

ಪುರುಸೊತ್ತು ಕೊಟ್ಟದ್ದು ಯುದ್ಧ. 1763ಕ್ಕೆ ಮುಗಿದ ಏಳು ವರ್ಷಗಳ ಯುದ್ಧದಲ್ಲಿ ಬ್ರಿಟನ್ ಫ್ರೆಂಚರಿಂದ ಕೆನಡಾವನ್ನು ಕಿತ್ತುಕೊಂಡಿತು. ಜೊತೆಗೆ ಸಾಲವನ್ನೂ ತಂದುಕೊಂಡಿತು. ಯುದ್ಧದ ಮುಂಚೆ ಏಳೂವರೆ ಕೋಟಿ ಪೌಂಡಿನ ಹತ್ತಿರ ಇದ್ದ ಸಾಲ 12 ಕೋಟಿ ದಾಟಿತು. ಬೊಕ್ಕಸಕ್ಕೆ ಬಂದದ್ದರಲ್ಲಿ ಅರ್ಧದಷ್ಟು ಬಡ್ಡಿಗೇ ಹೋಗುತ್ತಿತ್ತು. ಅದರ ಮೇಲೆ ಅಮೆರಿಕದಲ್ಲಿ ಹತ್ತು ಸಾವಿರ ಸೈನಿಕರನ್ನು ಇಡಬೇಕೆಂಬ ತೀರ್ಮಾನವಾಯಿತು. 1763ರಲ್ಲಿ ಪ್ರಧಾನಿಯಾದ ಜಾರ್ಜ್ ಗ್ರೆನ್‌ವಿಲ್ ಲೆಕ್ಕದ ಮನುಷ್ಯ. ಅಮೆರಿಕದ ಸುಂಕದ ಕಡತ ತೆಗೆಸಿ ನೋಡಿದರೆ, ವರ್ಷಕ್ಕೆ ಬರುತ್ತಿದ್ದದ್ದು ಒಂದೆರಡು ಸಾವಿರ ಪೌಂಡ್, ಅದನ್ನು ವಸೂಲು ಮಾಡಲು ಆಗುತ್ತಿದ್ದ ಖರ್ಚು ಏಳೆಂಟು ಸಾವಿರ. ನಮ್ಮ ಸೈನ್ಯ ನಿಮ್ಮನ್ನು ಕಾಯುತ್ತಿದೆ, ಖರ್ಚಿನಲ್ಲಿ ಒಂದು ಪಾಲು ನೀವೂ ಕೊಡಿ ಎಂದು ಅವನು ಕೇಳಿದ್ದರಲ್ಲಿ ಅನ್ಯಾಯವೇನಿದೆ ಎಂದು ಈಗ ಓದುವಾಗ ನನಗೂ ಅನಿಸುತ್ತದೆ.

ಅಮೆರಿಕದವರ ಕಣ್ಣಿಗೆ ಬೇರೆ ಕಾಣಿಸಿತು. ಫ್ರೆಂಚರು ಹೋದ ಮೇಲೆ ಸೈನ್ಯ ಯಾರಿಂದ ಕಾಯಲಿಕ್ಕೆ? ಅದೇ ವರ್ಷದ ಅಕ್ಟೋಬರಿನಲ್ಲಿ ಅಪಲಾಚಿಯನ್ ಬೆಟ್ಟಸಾಲಿನ ಆಚೆ ಯಾರೂ ನೆಲೆಸಕೂಡದು ಎಂಬ ರಾಜಾಜ್ಞೆಯೂ ಬಂತು. ಮೂಲನಿವಾಸಿಗಳ ಜೊತೆ ಮತ್ತೆ ಯುದ್ಧವಾಗಿ ಖರ್ಚು ಬೆಳೆಯಬಾರದು ಎಂಬುದು ಲಂಡನ್ನಿನ ಲೆಕ್ಕಾಚಾರ. ಪಶ್ಚಿಮದ ನೆಲದ ಮೇಲೆ ಕಣ್ಣಿಟ್ಟಿದ್ದ ರೈತರಿಗೂ ಭೂಮಿ ವ್ಯಾಪಾರಿಗಳಿಗೂ (ಜಾರ್ಜ್ ವಾಷಿಂಗ್ಟನ್ ಅವರಲ್ಲೊಬ್ಬ) ಆ ಸೈನ್ಯ ತಮ್ಮನ್ನು ತಡೆಯಲಿಕ್ಕೇ ಕೂತಂತೆ ತೋರಿತು.

ಕಾಕಂಬಿ

ಮೊದಲ ಏಟು ಬಿದ್ದದ್ದು ಕಾಕಂಬಿಯ ಮೇಲೆ. ಕೆರಿಬಿಯನ್ ದ್ವೀಪಗಳ ಕಬ್ಬಿನ ಕಾಕಂಬಿ ತಂದು ರಮ್ ಇಳಿಸುವುದು ನ್ಯೂ ಇಂಗ್ಲೆಂಡಿನ, ಎಂದರೆ ಮೆಸಾಚುಸೆಟ್ಸ್ ಮತ್ತು ಅದರ ನೆರೆಯ ವಸಾಹತುಗಳ, ದೊಡ್ಡ ದಂಧೆ. ರೋಡ್ ಐಲೆಂಡ್ ಎಂಬ ಪುಟ್ಟ ವಸಾಹತಿನಲ್ಲೇ ಮೂವತ್ತಕ್ಕೂ ಹೆಚ್ಚು ಭಟ್ಟಿಗಳಿದ್ದವು. ಫ್ರೆಂಚ್ ದ್ವೀಪಗಳ ಕಾಕಂಬಿಗೆ 1733ರಿಂದಲೂ ಗ್ಯಾಲನ್ನಿಗೆ ಆರು ಪೆನ್ನಿ ಸುಂಕವಿತ್ತು, ಕಾಗದದ ಮೇಲೆ. ಸುಂಕದವನ ಕೈಗೆ ಗ್ಯಾಲನ್ನಿಗೆ ಒಂದು, ಒಂದೂವರೆ ಪೆನ್ನಿ ಇಟ್ಟರೆ ಸರಕು ಇಳಿಯುತ್ತಿತ್ತು. 1764ರ ಕಾಯ್ದೆ ಈ ಸುಂಕವನ್ನು ಆರರಿಂದ ಮೂರು ಪೆನ್ನಿಗೆ ಇಳಿಸಿತು. ಅರ್ಧಕ್ಕರ್ಧ ಕಡಿಮೆ. ಆದರೂ ವ್ಯಾಪಾರಿಗಳು ಬೊಬ್ಬೆ ಹಾಕಿದರು. ಈ ಸಲ ನಿಜಕ್ಕೂ ವಸೂಲು ಮಾಡುತ್ತಾರೆ ಎಂದು ಅವರಿಗೆ ಗೊತ್ತಾಗಿತ್ತು.

ಇಷ್ಟೇ ಆಗಿದ್ದರೆ ಕಳ್ಳಸಾಗಣೆದಾರರ ಗೋಳು ಎಂದು ಪಕ್ಕಕ್ಕಿಡಬಹುದಿತ್ತು. ಕಾಯ್ದೆಯ ಒಳಪುಟಗಳು ಬೇರೆ ಕಥೆ ಹೇಳುತ್ತವೆ. ಅಲ್ಲಿಯವರೆಗೆ ಸುಂಕದ ಮೊಕದ್ದಮೆ ಊರಿನ ಕೋರ್ಟಿಗೆ ಬರುತ್ತಿತ್ತು, ತೀರ್ಪು ಹೇಳುವವರು ಊರಿನವರೇ ಆದ ಜ್ಯೂರಿ. ಅವರೂ ಅದೇ ರಮ್ ಕುಡಿಯುವವರು, ಆರೋಪಿ ಬಿಡುಗಡೆಯಾಗುತ್ತಿದ್ದ. ಈಗ ಕೇಸನ್ನು ಜ್ಯೂರಿಯೇ ಇಲ್ಲದ ನೌಕಾ ನ್ಯಾಯಾಲಯಕ್ಕೆ ಒಯ್ಯಬಹುದಾಯಿತು. ಅಂಥದೊಂದು ಹೊಸ ಕೋರ್ಟು ಕೂತದ್ದು ದೂರದ ಹ್ಯಾಲಿಫ್ಯಾಕ್ಸಿನಲ್ಲಿ. ಹಡಗು ಜಪ್ತಾದ ವ್ಯಾಪಾರಿ ಅಲ್ಲಿಯವರೆಗೆ ಹೋಗಿ, ಠೇವಣಿ ಕಟ್ಟಿ, ತಾನು ಸುಂಕ ಕಟ್ಟಿದ್ದೇನೆಂದು ತಾನೇ ರುಜುವಾತು ಮಾಡಬೇಕು. ಗೆದ್ದರೂ, ಅನುಮಾನಕ್ಕೆ ಕಾರಣವಿತ್ತು ಎಂದು ನ್ಯಾಯಾಧೀಶ ಬರೆದುಬಿಟ್ಟರೆ ಅಧಿಕಾರಿಯ ಮೇಲೆ ನಷ್ಟಕ್ಕೆ ದಾವೆ ಹೂಡುವಂತಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ನಮ್ಮ ಗಾದೆಯನ್ನು ಕಾನೂನಾಗಿ ಬರೆದರೆ ಹೀಗಿರುತ್ತದೆ.

ಮುಂದಿನ ಹತ್ತು ವರ್ಷ ಈ ಆಟ ಮತ್ತೆ ಮತ್ತೆ ನಡೆಯಿತು. ತೆರಿಗೆ ಚಿಕ್ಕದು. ಅದನ್ನು ವಸೂಲು ಮಾಡಲು ತಂದ ಕಾನೂನು ಊರಿನವರ ಕೈಯಲ್ಲಿದ್ದ ಒಂದೊಂದೇ ಸಂಸ್ಥೆಯನ್ನು ಕಿತ್ತುಕೊಳ್ಳುತ್ತಾ ಹೋಯಿತು. ಮೊದಲು ಹೋದದ್ದು ಜ್ಯೂರಿ.

ಛಾಪಾ ಕಾಗದ

1765ರ ಸ್ಟ್ಯಾಂಪ್ ಕಾಯ್ದೆ ನಮಗೆ ವಿವರಿಸಿ ಹೇಳಬೇಕಾದ ವಿಷಯವಲ್ಲ. ಬಾಡಿಗೆ ಕರಾರಿಗೆ, ಅಫಿಡವಿಟ್ಟಿಗೆ ಛಾಪಾ ಕಾಗದ ತಂದು ಅಭ್ಯಾಸವಿರುವವರು ನಾವು. ಮುದ್ರೆಯಿಲ್ಲದ ಕಾಗದದ ಮೇಲೆ ಏನು ಬರೆದರೂ ಕೋರ್ಟಿನಲ್ಲಿ ಕಸ ಎಂಬುದು ನಮಗೆ ಗೊತ್ತು. ಬ್ರಿಟನ್ನಿನಲ್ಲಿ ಈ ಪದ್ಧತಿ 1694ರಿಂದಲೇ ಇತ್ತು, ಅದನ್ನೇ ಕಡಲಾಚೆ ಹಬ್ಬಿಸಿದರು. ಕ್ರಯಪತ್ರ, ಉಯಿಲು, ಕೋರ್ಟಿನ ಅರ್ಜಿ, ಹೆಂಡದಂಗಡಿಯ ಲೈಸೆನ್ಸು, ಪಂಚಾಂಗ, ಪತ್ರಿಕೆ, ಪತ್ರಿಕೆಯ ಒಂದೊಂದು ಜಾಹೀರಾತು ಎಲ್ಲಕ್ಕೂ ಸ್ಟ್ಯಾಂಪು. ಕಾಲೇಜಿನ ಪದವಿಪತ್ರಕ್ಕೆ ಎರಡು ಪೌಂಡು, ಇಸ್ಪೀಟು ಕಟ್ಟಿಗೆ ಒಂದು ಶಿಲ್ಲಿಂಗು, ಒಂದು ಜೊತೆ ದಾಳಕ್ಕೆ ಹತ್ತು ಶಿಲ್ಲಿಂಗು. ಹಣವನ್ನು ಬೆಳ್ಳಿಯ ಲೆಕ್ಕದ ಬ್ರಿಟಿಷ್ ನಾಣ್ಯದಲ್ಲೇ ಕಟ್ಟಬೇಕು. ಕಾಗದದ ನೋಟು ಅಚ್ಚುಮಾಡಿಕೊಳ್ಳುವುದಕ್ಕೂ ಹಿಂದಿನ ವರ್ಷವೇ ಕಡಿವಾಣ ಹಾಕಿ, ನಾಣ್ಯವೇ ಸಿಗದ ಊರಿನಲ್ಲಿ ನಾಣ್ಯ ಕೇಳಿದರು.

ನಿರೀಕ್ಷೆಯಿದ್ದದ್ದು ವರ್ಷಕ್ಕೆ ಬರೀ 60,000 ಪೌಂಡ್. ಅದಕ್ಕಾಗಿ ಗ್ರೆನ್‌ವಿಲ್ ಎಂಥವರನ್ನು ಎದುರು ಹಾಕಿಕೊಂಡ ನೋಡಿ: ವಕೀಲರು, ಪತ್ರಿಕೆ ಮುದ್ರಿಸುವವರು, ಹೆಂಡದಂಗಡಿಯವರು. ಒಬ್ಬ ಮಾತಾಡುವವನು, ಇನ್ನೊಬ್ಬ ಅದನ್ನು ಅಚ್ಚುಹಾಕುವವನು, ಮತ್ತೊಬ್ಬ ಅದನ್ನು ಓದಿ ಚರ್ಚಿಸಲು ಜಾಗ ಕೊಡುವವನು. ತೆರಿಗೆ ಹಾಕಲು ಇದಕ್ಕಿಂತ ಕೆಟ್ಟ ಗುಂಪನ್ನು ಹುಡುಕಿದರೂ ಸಿಗುತ್ತಿರಲಿಲ್ಲ.

ವಾದ ಶುರುವಾಯಿತು. ನಮ್ಮ ಪ್ರತಿನಿಧಿ ಕೂರದ ಪಾರ್ಲಿಮೆಂಟು ನಮ್ಮ ಮೇಲೆ ತೆರಿಗೆ ಹಾಕುವಂತಿಲ್ಲ ಎಂದರು ಅಮೆರಿಕದವರು. ಲಂಡನ್ನಿನ ಉತ್ತರ ಸಿದ್ಧವಿತ್ತು: ಮ್ಯಾಂಚೆಸ್ಟರಿಗೂ ಬರ್ಮಿಂಗ್‌ಹ್ಯಾಮಿಗೂ ಸದಸ್ಯರಿಲ್ಲ, ಅವರು ತೆರಿಗೆ ಕಟ್ಟುತ್ತಿಲ್ಲವೇ? ಪ್ರತಿಯೊಬ್ಬ ಸದಸ್ಯನೂ ಇಡೀ ಸಾಮ್ರಾಜ್ಯದ ಪ್ರತಿನಿಧಿ. ಓಲ್ಡ್ ಸೇರಮ್ ಎಂಬ ಪಾಳುಬಿದ್ದ ಗುಡ್ಡಕ್ಕೆ ಇಬ್ಬರು ಸದಸ್ಯರಿದ್ದ ಆ ಪಾರ್ಲಿಮೆಂಟಿನಲ್ಲಿ ಈ ವಾದ ಗಂಭೀರವಾಗಿಯೇ ನಡೆಯಿತು. ಇದಕ್ಕೆ ಒಳ್ಳೆಯ ಉತ್ತರ ಕೊಟ್ಟವನು ಮೇರಿಲ್ಯಾಂಡಿನ ವಕೀಲ ಡೇನಿಯಲ್ ಡುಲಾನಿ. ಅವನ ತರ್ಕ ಹೀಗೆ ಹೋಗುತ್ತದೆ: ಮ್ಯಾಂಚೆಸ್ಟರಿನವನ ಮೇಲೆ ತೆರಿಗೆ ಹಾಕುವ ಸದಸ್ಯ ಅದೇ ಕೈಯಿಂದ ತನ್ನ ಮೇಲೆ, ತನ್ನ ಮತದಾರನ ಮೇಲೆ ಹಾಕಿಕೊಳ್ಳುತ್ತಾನೆ, ಹಾಗಾಗಿ ಕೈ ತಡೆಯುತ್ತದೆ. ಅಮೆರಿಕದವನ ಮೇಲೆ ಹಾಕಿದಷ್ಟೂ ತನ್ನವರ ಭಾರ ಇಳಿಯುತ್ತದೆ. ಅಲ್ಲಿ ಕೈ ತಡೆಯಲು ಏನಿದೆ? ಇಷ್ಟು ಚೊಕ್ಕವಾಗಿ ವಾದಿಸಿದ ಡುಲಾನಿ ಮುಂದೆ ಕ್ರಾಂತಿಯ ಪಕ್ಷ ಸೇರಲಿಲ್ಲ ಎಂಬುದು ಬೇರೆ ಮಾತು.

ಬೀದಿಯವರು ವಾದಕ್ಕೆ ಕಾಯಲಿಲ್ಲ. ಆಗಸ್ಟ್ 14ರಂದು ಬಾಸ್ಟನ್ನಿನ ಒಂದು ಎಲ್ಮ್ ಮರದಲ್ಲಿ ಸ್ಟ್ಯಾಂಪು ಮಾರಲು ನೇಮಕವಾಗಿದ್ದ ಆಂಡ್ರ್ಯೂ ಆಲಿವರನ ಪ್ರತಿಕೃತಿ ತೂಗಾಡಿತು. ಪಕ್ಕದಲ್ಲಿ ಒಂದು ದೊಡ್ಡ ಬೂಟು, ಅದರೊಳಗಿಂದ ಇಣುಕುವ ದೆವ್ವ. ಬೂಟು ಯಾಕೆಂದರೆ ದೊರೆಯ ಹಳೆಯ ಮಂತ್ರಿ ಬ್ಯೂಟ್. ಸಂಜೆ ಎಬೆನೀಜರ್ ಮ್ಯಾಕಿಂಟಾಶ್ ಎಂಬ ಚಮ್ಮಾರನ ಹಿಂದೆ ಹೊರಟ ಗುಂಪು ಆಲಿವರನ ಹೊಸ ಕಟ್ಟಡವನ್ನು ಕೆಡವಿತು. ಆಲಿವರ್ ಕೆಲಸ ಬಿಡುವುದಾಗಿ ಹೇಳಿದ. ಹನ್ನೆರಡು ದಿನ ಬಿಟ್ಟು ಉಪಗವರ್ನರ್ ಥಾಮಸ್ ಹಚಿನ್ಸನ್ನನ ಮನೆಗೆ ನುಗ್ಗಿದವರು ಗೋಡೆಯ ಹಲಗೆಯನ್ನೂ ಬಿಡದೆ ಕಿತ್ತರು. ಹಚಿನ್ಸನ್ ಖಾಸಗಿಯಾಗಿ ಈ ಕಾಯ್ದೆಯನ್ನು ವಿರೋಧಿಸಿದ್ದವನು. ಗುಂಪಿಗೆ ಅದೆಲ್ಲ ಎಲ್ಲಿ ಗೊತ್ತಿರುತ್ತದೆ. ನವೆಂಬರ್ 1ಕ್ಕೆ ಕಾಯ್ದೆ ಜಾರಿಗೆ ಬರುವ ಹೊತ್ತಿಗೆ ಸ್ಟ್ಯಾಂಪು ಮಾರುವವನೇ ಸಿಗುವುದು ಕಷ್ಟವಾಗಿತ್ತು. ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿ ಜಂಟಿ ಮನವಿ ಬರೆದರು. ತಮ್ಮತಮ್ಮೊಳಗೆ ಗಡಿಜಗಳ ಆಡುತ್ತಿದ್ದ ಈ ವಸಾಹತುಗಳನ್ನು ಒಂದೇ ಮೇಜಿಗೆ ತಂದ ಪುಣ್ಯ ಗ್ರೆನ್‌ವಿಲ್‌ನದು.

ಬ್ರಿಟಿಷ್ ಸಾಮಾನು ಕೊಳ್ಳುವುದಿಲ್ಲ ಎಂಬ ಬಹಿಷ್ಕಾರದಿಂದ ಪೆಟ್ಟು ತಿಂದ ಲಂಡನ್ನಿನ ವ್ಯಾಪಾರಿಗಳೇ ಕಾಯ್ದೆ ಕೈಬಿಡಿ ಎಂದು ಗೋಗರೆದರು. 1766ರ ಫೆಬ್ರವರಿಯಲ್ಲಿ ಪಾರ್ಲಿಮೆಂಟು ಲಂಡನ್ನಿನಲ್ಲಿ ಪೆನ್ಸಿಲ್ವೇನಿಯಾ ವಸಾಹತಿನ ಪ್ರತಿನಿಧಿಯಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್‌ನನ್ನು ಕರೆಸಿ ಕೇಳಿತು: ಅಮೆರಿಕದವರಿಗೆ ಮೊದಲು ಯಾವುದು ಹೆಮ್ಮೆಯಾಗಿತ್ತು? ಬ್ರಿಟನ್ನಿನ ಫ್ಯಾಷನ್ನಿನ ಬಟ್ಟೆ ತೊಡುವುದು ಎಂದ. ಈಗ? ಹೊಸದನ್ನು ತಾವೇ ನೇಯ್ದುಕೊಳ್ಳುವವರೆಗೆ ಹಳೆಯದನ್ನೇ ಮತ್ತೆ ತೊಡುವುದು. ಮಾರ್ಚಿನಲ್ಲಿ ಕಾಯ್ದೆ ರದ್ದಾಯಿತು. ಅಮೆರಿಕದಲ್ಲಿ ಗಂಟೆ ಬಾರಿಸಿದರು, ದೀಪ ಹಚ್ಚಿದರು. ಸಂಭ್ರಮದಲ್ಲಿ ಒಂದು ಸಣ್ಣ ಕಾಯ್ದೆಯ ಮೇಲೆ ಹೆಚ್ಚಿನವರ ಕಣ್ಣು ಬೀಳಲಿಲ್ಲ. ರದ್ದತಿಯ ಜೊತೆಗೇ ಪಾರ್ಲಿಮೆಂಟು ಇನ್ನೊಂದನ್ನು ಪಾಸು ಮಾಡಿತ್ತು: ವಸಾಹತುಗಳನ್ನು ಎಲ್ಲ ವಿಷಯದಲ್ಲೂ ಬಂಧಿಸುವ ಕಾನೂನು ಮಾಡಲು ತನಗೆ ಪೂರ್ಣ ಅಧಿಕಾರವಿದೆ ಎಂಬ ಘೋಷಣೆ. ಹಣ ಬಿಟ್ಟುಕೊಟ್ಟರು, ಹಕ್ಕನ್ನು ಬಿಡಲಿಲ್ಲ.

ಸಂಬಳದ ಪ್ರಶ್ನೆ ಮತ್ತೆ

1767ರಲ್ಲಿ ಖಜಾನೆಯ ಮಂತ್ರಿ ಚಾರ್ಲ್ಸ್ ಟೌನ್‌ಶೆಂಡ್ ಒಂದು ಚಾಲಾಕಿ ದಾರಿ ಹುಡುಕಿದ. ಅಮೆರಿಕದವರಿಗೆ ನಾಡೊಳಗಿನ ತೆರಿಗೆ ಬೇಡ, ಬಂದರಿನ ಸುಂಕಕ್ಕೆ ತಕರಾರಿಲ್ಲ ಎಂಬರ್ಥದ ಮಾತನ್ನು ಫ್ರಾಂಕ್ಲಿನ್ ಆಡಿದ್ದ. ಸರಿ, ಬಂದರಿನಲ್ಲೇ ಹಾಕೋಣ ಎಂದು ಗಾಜು, ಸೀಸ, ಬಣ್ಣ, ಕಾಗದ, ಚಹಾ ಇವುಗಳ ಮೇಲೆ ಸುಂಕ ಕಟ್ಟಿದ. ಮೊತ್ತ ಇಲ್ಲೂ ಸಣ್ಣದೇ. ಆದರೆ ಹಣ ಎಲ್ಲಿಗೆ ಹೋಗುತ್ತದೆ ಎಂದು ಕಾಯ್ದೆಯಲ್ಲೇ ಬರೆದಿತ್ತು: ಗವರ್ನರುಗಳ, ನ್ಯಾಯಾಧೀಶರ ಸಂಬಳಕ್ಕೆ. ನೂರು ವರ್ಷದಿಂದ ಶಾಸನಸಭೆಗಳ ಕೈಯಲ್ಲಿದ್ದ ಒಂದೇ ಒಂದು ಲಗಾಮು ಅದು. ಜನರಿಂದಲೇ ವಸೂಲಾದ ಹಣದಲ್ಲಿ ಜನರಿಗೆ ಉತ್ತರಿಸಬೇಕಿಲ್ಲದ ಗವರ್ನರು! ಈ ಒಂದು ಕಲಮು ಗಾಜು, ಕಾಗದಕ್ಕಿಂತ ನೂರುಪಾಲು ಅಪಾಯಕಾರಿ ಎಂದು ಅಲ್ಲಿನ ವಕೀಲರಿಗೆ ಹೊಳೆಯಲು ಹೊತ್ತು ಹಿಡಿಯಲಿಲ್ಲ.

ಮತ್ತೆ ಬಹಿಷ್ಕಾರ. ಹೆಂಗಸರು ಗುಂಪುಗುಂಪಾಗಿ ಕೂತು ನೂಲು ತೆಗೆದರು. ಗಾಂಧೀಜಿಯ ಚರಕಕ್ಕೂ ನೂರೈವತ್ತು ವರ್ಷ ಹಿಂದಿನ ಮಾತಿದು. ಸುಂಕದ ಕಮಿಷನರುಗಳ ಮಂಡಳಿಯೊಂದು ಬಾಸ್ಟನ್ನಿನಲ್ಲೇ ಬಂದು ಕೂತಿತು, ಊರಿನ ಸಿರಿವಂತ ವ್ಯಾಪಾರಿ ಜಾನ್ ಹ್ಯಾನ್‌ಕಾಕ್‌ನ ಹಡಗನ್ನು ಜಪ್ತಿ ಮಾಡಿ ಏಟು ತಿಂದಿತು, ಸೈನ್ಯ ಕಳಿಸಿ ಎಂದು ಬರೆಯಿತು. 1768ರ ಅಕ್ಟೋಬರಿನಲ್ಲಿ ಕೆಂಪು ಕೋಟಿನ ಸಿಪಾಯಿಗಳು ಹದಿನಾರು ಸಾವಿರ ಜನರ ಆ ಊರಿಗೆ ಇಳಿದರು. ಸಿಪಾಯಿಯ ಸಂಬಳ ಹೊಟ್ಟೆಗೆ ಸಾಲದೆ ಅವರು ಬಿಡುವಿನಲ್ಲಿ ಕೂಲಿಗೆ ಹೋಗುತ್ತಿದ್ದರು, ಅದೂ ಊರಿನ ಕೂಲಿಗಿಂತ ಕಡಿಮೆಗೆ. 1770ರ ಮಾರ್ಚ್ 2ರಂದು ಹಗ್ಗ ಹೊಸೆಯುವ ಕಾರ್ಖಾನೆಯೊಂದಕ್ಕೆ ಕೆಲಸ ಕೇಳಿಕೊಂಡು ಹೋದ ಸಿಪಾಯಿಗೆ ಅಲ್ಲಿನವರು ಹೊಲಸು ಮಾತಾಡಿದರು, ಹೊಡೆದಾಟವಾಯಿತು. ಮೂರು ದಿನ ಬಿಟ್ಟು ಸುಂಕದ ಕಚೇರಿಯ ಮುಂದೆ ಹಿಮದುಂಡೆ, ದೊಣ್ಣೆಗಳ ನಡುವೆ ಸಿಕ್ಕ ಸಿಪಾಯಿಗಳು ಗುಂಡು ಹಾರಿಸಿದರು. ಐವರು ಸತ್ತರು. ಸಿಪಾಯಿಗಳ ಪರ ವಾದಿಸಿದ ವಕೀಲ ಜಾನ್ ಆಡಮ್ಸ್, ಮುಂದೆ ಅಮೆರಿಕದ ಎರಡನೇ ಅಧ್ಯಕ್ಷನಾದವನು. ಹೆಚ್ಚಿನವರನ್ನು ಬಿಡಿಸಿಯೂ ಬಿಟ್ಟ.

ವಿಚಿತ್ರವೆಂದರೆ ಅದೇ ಮಾರ್ಚ್ 5ರಂದು ಲಂಡನ್ನಿನಲ್ಲಿ ಹೊಸ ಪ್ರಧಾನಿ ಲಾರ್ಡ್ ನಾರ್ತ್, ಟೌನ್‌ಶೆಂಡನ ಸುಂಕಗಳನ್ನೆಲ್ಲ ತೆಗೆದುಹಾಕುವ ಪ್ರಸ್ತಾಪ ತಂದಿದ್ದ. ಎಲ್ಲವನ್ನೂ, ಒಂದನ್ನು ಬಿಟ್ಟು. ಹಕ್ಕು ಇದೆ ಎಂದು ತೋರಿಸಲು ಒಂದು ಬೇಕಿತ್ತು. ಚಹಾ ಉಳಿಯಿತು.

ಹೈದರಾಲಿಯ ಕುದುರೆ, ಕಂಪನಿಯ ಷೇರು

ಕಥೆ ಇಲ್ಲಿ ನಮ್ಮ ಕಡೆಗೆ ತಿರುಗುತ್ತದೆ. 1769ರಲ್ಲಿ ಹೈದರಾಲಿಯ ಕುದುರೆ ಸವಾರರು ಮದ್ರಾಸಿನ ಬಾಗಿಲಿಗೆ ಬಂದು ನಿಂತರು. ಈಸ್ಟ್ ಇಂಡಿಯಾ ಕಂಪನಿ ಬೆದರಿ ಒಪ್ಪಂದಕ್ಕೆ ಕೂತಿತು. ಸುದ್ದಿ ಲಂಡನ್ ತಲುಪಿದಾಗ ಕಂಪನಿಯ ಷೇರು ದಿಢೀರನೆ ಕುಸಿಯಿತು. ಬಂಗಾಳದ ಲೂಟಿಯ ಮೇಲೆ ಕನಸು ಕಟ್ಟಿದ್ದ ಹೂಡಿಕೆದಾರರಿಗೆ ಬಿದ್ದ ಮೊದಲ ಪೆಟ್ಟು ಅದು. ಹಿಂದೆಯೇ ಬಂಗಾಳದ ಘೋರ ಕ್ಷಾಮ, ಲಕ್ಷಾಂತರ ಜನರ ಸಾವು. 1772ರಲ್ಲಿ ಯುರೋಪಿನ ಸಾಲದ ಮಾರುಕಟ್ಟೆಯೇ ಮಗುಚಿಬಿತ್ತು. ಸರ್ಕಾರಕ್ಕೆ ವರ್ಷಕ್ಕೆ ನಾಲ್ಕು ಲಕ್ಷ ಪೌಂಡು ಕೊಡುವ ಒಪ್ಪಂದ ಮಾಡಿಕೊಂಡಿದ್ದ ಕಂಪನಿ ಈಗ ಸರ್ಕಾರದ ಮುಂದೆಯೇ ಕೈಚಾಚಿ 14 ಲಕ್ಷ ಪೌಂಡ್ ಸಾಲ ಪಡೆಯಿತು. ಅದರ ಲಂಡನ್ ಉಗ್ರಾಣಗಳಲ್ಲಿ ಮಾರಾಟವಾಗದ ಚಹಾ 1.7 ಕೋಟಿ ಪೌಂಡು ತೂಕ ಬಿದ್ದಿತ್ತು. (ಎಲ್ಲವೂ ಚೀನಾದ ಚಹಾ. ಅಸ್ಸಾಂ, ನೀಲಗಿರಿ ತೋಟಗಳ ಹೆಸರೂ ಆಗ ಹುಟ್ಟಿರಲಿಲ್ಲ.)

ಇಷ್ಟು ಚಹಾ ಮಾರಾಟವಾಗದೆ ಉಳಿದದ್ದೇಕೆ? ಅಮೆರಿಕದವರು ಹೆಚ್ಚಾಗಿ ಕುಡಿಯುತ್ತಿದ್ದದ್ದು ಡಚ್ಚರಿಂದ ಕೊಂಡು ಸುಂಕ ತಪ್ಪಿಸಿ ತಂದ ಕಳ್ಳ ಚಹಾ. 1773ರ ಚಹಾ ಕಾಯ್ದೆ ಕಂಪನಿಯನ್ನು ಎತ್ತಿ ನಿಲ್ಲಿಸುವ ಉಪಾಯ. ಲಂಡನ್ನಿನಲ್ಲಿ ಕಟ್ಟಿದ ಸುಂಕವನ್ನು ವಾಪಸು ಕೊಡುವುದು, ಹರಾಜಿನ ಮಧ್ಯವರ್ತಿಗಳಿಲ್ಲದೆ ಕಂಪನಿಯೇ ತಾನು ಆರಿಸಿದ ಏಜೆಂಟರಿಗೆ ನೇರವಾಗಿ ಕಳಿಸುವುದು. ಕಳ್ಳ ಚಹಾಕ್ಕೆ ಸಡ್ಡು ಹೊಡೆಯುವ ಬೆಲೆ. ಅಮೆರಿಕದ ಮೂರು ಪೆನ್ನಿಯನ್ನೂ ತೆಗೆದುಬಿಡಿ ಎಂದು ಸಲಹೆ ಬಂದಾಗ ನಾರ್ತ್ ಒಪ್ಪಲಿಲ್ಲ. ಆ ಹಣದಿಂದಲೇ ಗವರ್ನರು, ನ್ಯಾಯಾಧೀಶರ ಸಂಬಳ ಹೋಗಬೇಕಿತ್ತು. ಅಗ್ಗದ ಚಹಾ ಕುಡಿದಷ್ಟೂ ಸುಂಕ ತುಂಬುತ್ತದೆ, ತುಂಬಿದಷ್ಟೂ ಶಾಸನಸಭೆಯ ಗಂಟು ಸಡಿಲ. ಅಗ್ಗವಾದದ್ದೇ ಗಾಳದ ಹುಳ.

ಇನ್ನೂ ಇದೆ. ಬಾಸ್ಟನ್ನಿನ ಏಜೆಂಟರಲ್ಲಿ ಇಬ್ಬರು ಹಚಿನ್ಸನ್ನನ ಮಕ್ಕಳು, ಹಚಿನ್ಸನ್ ಈಗ ಗವರ್ನರ್. ಇವತ್ತು ಚಹಾ, ನಾಳೆ ಇನ್ನಾವ ಸರಕನ್ನು ಒಂದೇ ಕಂಪನಿಗೆ ಬರೆದುಕೊಡುತ್ತಾರೋ ಎಂದು ಸಾಗಣೆಯ ವ್ಯಾಪಾರಿಗಳಿಗೆ ಹೊಟ್ಟೆಯಲ್ಲಿ ಸಂಕಟ. ಅವರಲ್ಲಿ ಕಳ್ಳಸಾಗಣೆ ಮಾಡುತ್ತಿದ್ದವರೂ ಇದ್ದರು, ಅವರ ಸಂಕಟ ಇನ್ನೂ ಹೆಚ್ಚಿನದು. ತತ್ತ್ವವೂ ಲಾಭವೂ ಒಂದೇ ದಿಕ್ಕಿಗೆ ಎಳೆದಾಗ ಚಳವಳಿಗೆ ಬಲ ಬರುತ್ತದೆ.

ಫಿಲಡೆಲ್ಫಿಯಾದಿಂದ ಚಹಾದ ಹಡಗು ಹಾಗೇ ವಾಪಸು ಹೋಯಿತು. ಚಾರ್ಲ್ಸ್‌ಟನ್ನಿನಲ್ಲಿ ನೆಲಮಾಳಿಗೆಗೆ ಸೇರಿತು. ಬಾಸ್ಟನ್ನಿನಲ್ಲಿ ಸಿಕ್ಕಿಬಿದ್ದದ್ದು ಒಂದು ನಿಯಮದಿಂದ: ಬಂದರಿಗೆ ಬಂದ ಹಡಗು 20 ದಿನದೊಳಗೆ ಸುಂಕ ಕಟ್ಟದಿದ್ದರೆ ಸರಕು ಜಪ್ತಿ. ಜಪ್ತಿಯಾದರೆ ಅಧಿಕಾರಿಗಳೇ ಇಳಿಸಿ ಹರಾಜು ಹಾಕುತ್ತಾರೆ, ಸುಂಕ ಕಟ್ಟಿದಂತೆಯೇ ಲೆಕ್ಕ. ಡಾರ್ಟ್‌ಮತ್ ಹಡಗು ಬಂದದ್ದು ನವೆಂಬರ್ 28ಕ್ಕೆ. ಹಾಗೇ ಹಿಂದಿರುಗಲು ಗವರ್ನರನ ಪರವಾನಗಿ ಬೇಕು, ಹಚಿನ್ಸನ್ ಕೊಡುವುದಿಲ್ಲ. ಗಡುವಿನ ಹಿಂದಿನ ಸಂಜೆ ಓಲ್ಡ್ ಸೌತ್ ಸಭಾಮಂದಿರದಲ್ಲಿ ಸೇರಿದ್ದ ಸುಮಾರು ಐದು ಸಾವಿರ ಜನಕ್ಕೆ ಕೊನೆಯ ಬಾರಿ ಇಲ್ಲ ಎಂಬ ಉತ್ತರ ಬಂತು. ಅಲ್ಲಿಂದ ಧಕ್ಕೆಗೆ ನಡೆದು ಹೋಗುವಷ್ಟೇ ದೂರ.

ಕೋರ್ಟಿನ ಮುಂದೆ ಟೋಪಿ ತೆಗೆದವರು

ನಷ್ಟ ಸುಮಾರು 9,659 ಪೌಂಡ್. ಪಾರ್ಲಿಮೆಂಟು ದಂಡ ಹಾಕಿ ಬಿಟ್ಟಿದ್ದರೆ ಬೇರೆ ವಸಾಹತುಗಳು ಬಾಸ್ಟನ್ನಿನವರದೇ ತಪ್ಪು ಎನ್ನುತ್ತಿದ್ದವೋ ಏನೋ, ಫ್ರಾಂಕ್ಲಿನ್ನನೇ ಹಣ ಕೊಟ್ಟುಬಿಡಬೇಕು ಎಂದಿದ್ದ. ಆದರೆ 1774ರಲ್ಲಿ ಬಂದದ್ದು ಸಾಲುಸಾಲು ಕಾಯ್ದೆ. ಚಹಾದ ಹಣ ತೀರಿಸುವವರೆಗೆ ಬಾಸ್ಟನ್ ಬಂದರಿಗೆ ಬೀಗ. ಗಲಭೆ ಅಡಗಿಸುವಾಗ ಕೊಲೆ ಮಾಡಿದ ಅಧಿಕಾರಿಯ ವಿಚಾರಣೆಯನ್ನು ಬೇರೆ ವಸಾಹತಿಗೋ ಬ್ರಿಟನ್ನಿಗೋ ಒಯ್ಯಬಹುದು. ಸೈನಿಕರ ವಸತಿಗೆ ಖಾಲಿ ಕಟ್ಟಡಗಳನ್ನು ಹಿಡಿಯಬಹುದು (ಜನರ ಮನೆಯೊಳಗೇ ನುಗ್ಗಿಸಿದರು ಎಂದು ಹೇಳುವುದುಂಟು, ಕಾಯ್ದೆಯಲ್ಲಿ ಹಾಗಿಲ್ಲ).

ಇವೆಲ್ಲಕ್ಕಿಂತ ಆಳಕ್ಕೆ ಇಳಿದದ್ದು ಮೆಸಾಚುಸೆಟ್ಸ್ ಸರ್ಕಾರದ ಕಾಯ್ದೆ. ಮೇಲ್ಮನೆಯ ಸದಸ್ಯರನ್ನು ಇನ್ನು ದೊರೆಯೇ ನೇಮಿಸುತ್ತಾನೆ. ನ್ಯಾಯಾಧೀಶರನ್ನು ಗವರ್ನರ್ ಇಡುತ್ತಾನೆ, ತೆಗೆಯುತ್ತಾನೆ. ಜ್ಯೂರಿಯನ್ನು ಊರು ಆರಿಸುವಂತಿಲ್ಲ, ಶೆರಿಫ್ ಆರಿಸುತ್ತಾನೆ. ಊರಸಭೆ ವರ್ಷಕ್ಕೆ ಒಂದೇ ಸಲ, ಮತ್ತೆ ಸೇರಬೇಕಾದರೆ ಗವರ್ನರನ ಒಪ್ಪಿಗೆ. ಊರಸಭೆ ಎಂದರೆ ರಸ್ತೆ, ಶಾಲೆ, ಹಂದಿ ಬೇಲಿ ದಾಟಿದ ಜಗಳ ಎಲ್ಲವೂ ತೀರ್ಮಾನವಾಗುತ್ತಿದ್ದ ಜಾಗ. ಬಂದರು ನೋಡದ, ಆಮದು ಚಹಾದ ಗೊಡವೆಯಿಲ್ಲದ ಒಳನಾಡಿನ ರೈತನ ಮನೆಬಾಗಿಲಿಗೆ ಸಾಮ್ರಾಜ್ಯ ಬಂದದ್ದು ಆಗ. ಹಲವು ಊರುಗಳು ಇದಕ್ಕೂ ಒಂದು ಕಿಲಾಡಿ ದಾರಿ ಕಂಡುಕೊಂಡವು: ಹೊಸ ಸಭೆ ಕರೆದರೆ ತಾನೇ ಅಪರಾಧ? ಹಳೆಯ ಸಭೆಯನ್ನೇ ಮುಗಿಸದೆ ಮುಂದೂಡುತ್ತಾ ಹೋದರು.

1774ರ ಸೆಪ್ಟೆಂಬರ್ 6ರಂದು ವೂಸ್ಟರ್ ಪಟ್ಟಣದಲ್ಲಿ ಹೊಸ ಕಾಯ್ದೆಯಡಿ ಕೋರ್ಟು ಕೂರಬೇಕಿತ್ತು. ಸುತ್ತಲಿನ 37 ಊರುಗಳಿಂದ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ರೈತರು ಬಂದು ಬೀದಿಯ ಎರಡೂ ಬದಿ ಸಾಲಾಗಿ ನಿಂತರು. ನ್ಯಾಯಾಧೀಶರು, ಅಧಿಕಾರಿಗಳು ಟೋಪಿ ಕೈಯಲ್ಲಿ ಹಿಡಿದು ಆ ಸಾಲಿನ ನಡುವೆ ನಡೆದರು. ನಾನು ಹುದ್ದೆ ಬಿಟ್ಟಿದ್ದೇನೆ ಎಂದು ನಾಲ್ಕು ಹೆಜ್ಜೆಗೊಮ್ಮೆ ನಿಂತು ಓದಬೇಕು, ಹಿಂದಿನವರಿಗೆ ಕೇಳಿಸಲಿಲ್ಲವೆಂದು ಮತ್ತೆ ಓದಬೇಕು. ಒಂದು ಗುಂಡೂ ಹಾರಲಿಲ್ಲ. ಯುದ್ಧ ಶುರುವಾದ ಗುಂಡು ಲೆಕ್ಸಿಂಗ್ಟನ್ ಊರಿನಲ್ಲಿ ಹಾರಿದ್ದು ಮುಂದಿನ ಏಪ್ರಿಲ್ 19ಕ್ಕೆ. ಆದರೆ ಬಾಸ್ಟನ್ ಪಟ್ಟಣದ ಆಚೆ ಮೆಸಾಚುಸೆಟ್ಸಿನಲ್ಲಿ ಬ್ರಿಟಿಷ್ ಆಡಳಿತ ಅದಕ್ಕೂ ಏಳು ತಿಂಗಳು ಮುಂಚೆಯೇ ನಿಂತುಹೋಗಿತ್ತು.

ಬೇರೆ ವಸಾಹತುಗಳು ಬಾಸ್ಟನ್ನಿಗೆ ಅಕ್ಕಿ, ಧಾನ್ಯ, ಕುರಿ ಕಳಿಸಿದವು. ಸೆಪ್ಟೆಂಬರಿನಲ್ಲೇ ಹನ್ನೆರಡು ವಸಾಹತುಗಳು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ಸು ಕೂಡಿದವು. ಎಲ್ಲರೂ ಒಂದೇ ಮನಸ್ಸಿನವರೇನಲ್ಲ, ದೊರೆಗೆ ನಿಷ್ಠರಾಗಿ ಉಳಿದ ಸಾವಿರಾರು ಜನ ಮುಂದೆ ಆಸ್ತಿ ಬಿಟ್ಟು ಓಡಬೇಕಾಯಿತು. ಗುಲಾಮರನ್ನು ಇಟ್ಟುಕೊಂಡು ಸ್ವಾತಂತ್ರ್ಯದ ಮಾತಾಡುವವರನ್ನು ಕಂಡು ಲಂಡನ್ನಿನ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ ಚುಚ್ಚಿದ: ನೀಗ್ರೋಗಳನ್ನು ಹೊಡೆದು ದುಡಿಸುವವರ ಬಾಯಿಂದಲೇ ಸ್ವಾತಂತ್ರ್ಯದ ಕೂಗು ಅಷ್ಟು ಜೋರಾಗಿ ಕೇಳುವುದೇಕೆ? ಅದಕ್ಕೆ ಯಾರೂ ನೇರ ಉತ್ತರ ಕೊಡಲಿಲ್ಲ.

1776ರ ಜುಲೈನ ಸ್ವಾತಂತ್ರ್ಯ ಘೋಷಣೆಯಲ್ಲಿ ದೊರೆಯ ಮೇಲೆ 27 ದೂರುಗಳಿವೆ. ಒಪ್ಪಿಗೆಯಿಲ್ಲದೆ ತೆರಿಗೆ ಹಾಕಿದ ಎಂಬುದು ಹದಿನೇಳನೆಯದು. ಅದರ ಬೆನ್ನಿಗೇ ಜ್ಯೂರಿ ಕಸಿದ ದೂರು. ನ್ಯಾಯಾಧೀಶರ ಸಂಬಳವನ್ನು ತನ್ನ ಇಷ್ಟಕ್ಕೆ ಕಟ್ಟಿಕೊಂಡ ಎಂಬ ದೂರು ಒಂಬತ್ತನೆಯದು, ತೆರಿಗೆಗಿಂತ ಎಂಟು ಮೆಟ್ಟಿಲು ಮೇಲೆ. 1778ರಲ್ಲಿ, ಸೋಲಿನ ಬಿಸಿ ತಾಗಿದ ಮೇಲೆ, ವಸಾಹತುಗಳಿಂದ ಆದಾಯಕ್ಕಾಗಿ ತೆರಿಗೆ ಹಾಕುವುದಿಲ್ಲ ಎಂದು ಪಾರ್ಲಿಮೆಂಟು ಕಾಯ್ದೆಯನ್ನೇ ಮಾಡಿತು. ಕೇಳುವವರು ಯಾರೂ ಇರಲಿಲ್ಲ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೋತು ಶರಣಾದ ಕಾರ್ನ್‌ವಾಲಿಸ್ ಹನ್ನೊಂದು ವರ್ಷದ ನಂತರ ಶ್ರೀರಂಗಪಟ್ಟಣದ ಮುಂದೆ ಡೇರೆ ಹಾಕಿದ. ಅದಕ್ಕೂ ಮುಂಚೆ, 1782ರಲ್ಲಿ, ಪೆನ್ಸಿಲ್ವೇನಿಯಾದವರು ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಯುದ್ಧನೌಕೆಯೊಂದನ್ನು ಹಿಡಿದ ತಮ್ಮ ಹಡಗಿಗೆ ಇಟ್ಟಿದ್ದ ಹೆಸರು ಹೈದರ್ ಅಲಿ.

ಯುದ್ಧ ಗೆದ್ದ ಅಮೆರಿಕದ ತಲೆಯ ಮೇಲೂ ಯುದ್ಧದ ಸಾಲ ಬಂತು. ಮೆಸಾಚುಸೆಟ್ಸಿನ ಹೊಸ ಶಾಸನಸಭೆ, ಜನರೇ ಆರಿಸಿದ್ದು, ಅದನ್ನು ತೀರಿಸಲು ಬ್ರಿಟಿಷರಿಗಿಂತ ಎಷ್ಟೋ ಪಟ್ಟು ತೆರಿಗೆ ಹಾಕಿತು, ನಾಣ್ಯದಲ್ಲೇ ಕಟ್ಟಿ ಎಂದಿತು. ಕಟ್ಟಲಾಗದ ರೈತರ ಜಮೀನು ಹರಾಜಿಗೆ ಬಂತು. 1786ರ ಸೆಪ್ಟೆಂಬರ್ 5ರಂದು ಅದೇ ವೂಸ್ಟರಿನ ಕೋರ್ಟಿಗೆ ಅದೇ ಸುತ್ತಲ ಊರುಗಳ ರೈತರು ಬಂದೂಕು ಹಿಡಿದು ಬಂದರು. ನ್ಯಾಯಾಧೀಶ ಆರ್ಟಿಮಸ್ ವಾರ್ಡ್ ಹನ್ನೊಂದು ವರ್ಷದ ಹಿಂದೆ ಬ್ರಿಟಿಷರ ವಿರುದ್ಧ ಇಂಥವರದೇ ದಂಡಿಗೆ ಸೇನಾಪತಿಯಾಗಿದ್ದವನು. ಮೆಟ್ಟಿಲ ಮೇಲೆ ಬಯೊನೆಟ್ಟಿನ ಮೊನೆ ಎದೆಗೆ ತಾಗುವಂತೆ ನಿಂತು ಗಂಟೆಗಟ್ಟಲೆ ಬುದ್ಧಿ ಹೇಳಿದ. ಹಿಂದೆ ಬಾಸ್ಟನ್ನಿನ ಚಳವಳಿಯ ಮುಂದಾಳಾಗಿದ್ದ ಸ್ಯಾಮ್ಯುಯೆಲ್ ಆಡಮ್ಸ್, ಗಣರಾಜ್ಯದ ಕಾನೂನಿನ ವಿರುದ್ಧ ಏಳುವವನಿಗೆ ಮರಣವೇ ತಕ್ಕ ಶಿಕ್ಷೆ ಎಂದ. ರೈತರು ಕದಲಲಿಲ್ಲ. ಕೋರ್ಟು ಆ ಸಲವೂ ಕೂರಲಿಲ್ಲ.